ಜ್ವರದ ದಿನಗಳ ಲೆಕ್ಕ

1957ರಲ್ಲಿ ಮೂರು ಸಂಗತಿಗಳು ನಡೆದವು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸತ್ತು ಬೀಳತೊಡಗಿದವು, ಕಾಡಂಚಿನ ಹಳ್ಳಿಗಳಲ್ಲಿ ಜನ ವಿಪರೀತ ಜ್ವರದಿಂದ ಹಾಸಿಗೆ ಹಿಡಿದರು. ಅದೇ ವರ್ಷ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಎಂಬ ಇಬ್ಬರು ವಿಜ್ಞಾನಿಗಳು, ವೈರಸ್ ತಗುಲಿದ ಜೀವಕೋಶ ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುವ ವಸ್ತುವೊಂದನ್ನು ಹೊರಬಿಡುತ್ತದೆಂದು ತೋರಿಸಿ ಅದಕ್ಕೆ ಇಂಟರ್‌ಫೆರಾನ್ ಎಂದು ಹೆಸರಿಟ್ಟರು. ಅದೇ ವರ್ಷ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಫ್ರಾಂಕ್ ಮ್ಯಾಕ್‌ಫರ್ಲೇನ್ ಬರ್ನೆಟ್, ಇಂಥದೇ ರೋಗಕ್ಕೆ ಇಂಥದೇ ಪ್ರತಿಕಾಯ ನಮ್ಮ ಮೈಯಲ್ಲಿ ಹೇಗೆ ತಯಾರಾಗುತ್ತದೆ ಎಂಬ ಪ್ರಶ್ನೆಗೆ ಉತ್ತರವಾಗಿ ಒಂದು ಸಿದ್ಧಾಂತವನ್ನು ಮುಂದಿಟ್ಟರು. ಮೂರೂ ಬೇರೆ ಬೇರೆ ಕಡೆ ನಡೆದ ಬೇರೆ ಬೇರೆ ಸಂಗತಿಗಳು. ಆದರೂ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಕಳಸ, ಬಾಳೆಹೊನ್ನೂರಿನ ಯಾವುದೇ ತರಗತಿಯಲ್ಲಿ ಕೂತ ಮಗುವಿಗೆ ಈ ಮೂರನ್ನೂ ಒಂದೇ ಪಾಠದಲ್ಲಿ ಹೇಳಬೇಕು, ಹೇಳಲು ಸಾಧ್ಯ ಎನ್ನುವುದು ಇವತ್ತಿನ ನನ್ನ ಮಾತು.

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಮಾನವನ ಆರೋಗ್ಯ ಮತ್ತು ರೋಗ ಎಂಬ ಅಧ್ಯಾಯವಿದೆ. ರೋಗನಿರೋಧಕ ವ್ಯವಸ್ಥೆ ಬರುವುದು ಅಲ್ಲಿ. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದ ನಮ್ಮ ಮಕ್ಕಳಿಗೆ ಒಮ್ಮೆಲೇ ಇಂಗ್ಲಿಷಿನಲ್ಲಿ ನಲವತ್ತು ಹೊಸ ಪದ ಎದುರಾಗುತ್ತವೆ. ಮೇಷ್ಟರಿಗೂ ಸಮಯವಿಲ್ಲ. ಆಗ ಎಲ್ಲರೂ ಹಿಡಿಯುವ ದಾರಿ ಒಂದೇ: ಮೈ ಒಂದು ಕೋಟೆ, ಬಿಳಿ ರಕ್ತಕಣ ಸೈನಿಕರು, ವೈರಸ್ ಶತ್ರು. ಮಕ್ಕಳು ತಲೆಯಾಡಿಸುತ್ತಾರೆ, ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಆದರೆ ಹಿಂದಿನ ಬೆಂಚಿನಿಂದ ಯಾರಾದರೂ ಎದ್ದು, "ಸರ್, ಅಷ್ಟೊಂದು ಸೈನಿಕರು ಇದ್ದ ಮೇಲೆ ಜ್ವರ ಯಾಕೆ ಬರ್ತದೆ? ಒಂದು ವಾರ ಯಾಕೆ ಬೇಕು? ಲಸಿಕೆ ಎರಡೆರಡು ಸಲ ಯಾಕೆ?" ಎಂದು ಕೇಳಿದರೆ ಕೋಟೆ ಅಲ್ಲಿಗೆ ಕುಸಿಯಿತು. ಆ ಮೂರೂ ಪ್ರಶ್ನೆಗಳು ದಿನಗಳಿಗೆ ಸಂಬಂಧಪಟ್ಟವು. ಪಾಠವನ್ನೂ ದಿನಗಳಿಂದಲೇ ಕಟ್ಟಬೇಕು.

ಅದಕ್ಕೆ ನಮ್ಮ ಬೆಟ್ಟಸಾಲಿನಲ್ಲೇ ಒಂದು ರೋಗ ಇದೆ: ಕ್ಯಾಸನೂರಿನಲ್ಲಿ ಕಂಡ ಅದೇ ಮಂಗನ ಕಾಯಿಲೆ. ಕಳಸದಿಂದ ಬಾಳೆಹೊನ್ನೂರಿನ ಬಸ್ಸು ಹತ್ತಿದರೆ ಇಳಿಯುವುದು ನರಸಿಂಹರಾಜಪುರ ತಾಲ್ಲೂಕಿನಲ್ಲಿ. ಅದರ ಪಕ್ಕ ಕೊಪ್ಪ, ಮುಂದೆ ಶೃಂಗೇರಿ. 2024ರಲ್ಲಿ ಈ ಭಾಗಗಳಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡು ಸಾವೂ ಆಯಿತು. ಸೊರಬದಲ್ಲಿ ಮೊದಲು ಕಂಡ ಕಾಯಿಲೆ ಈಗ ಉತ್ತರ ಕನ್ನಡ, ಚಾಮರಾಜನಗರದ ಬಂಡೀಪುರ, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೆ ಹರಡಿದೆ. 2019ರಲ್ಲಿ ಈ ಕಾಯಿಲೆಯಿಂದ ಸಾಗರ ತಾಲ್ಲೂಕಿನ ಅರಳಗೋಡು ಪಟ್ಟ ಪಾಡು ಪತ್ರಿಕೆ ಓದುವವರಿಗೆ ನೆನಪಿದ್ದೀತು. ಡಿಸೆಂಬರಿನಿಂದ ಮೇವರೆಗೆ ಇದರ ಕಾಲ, ಜನವರಿಯಿಂದ ಮಾರ್ಚ್‌ವರೆಗೆ ಜೋರು. ನಮ್ಮಲ್ಲಿ ಆಗಲೇ ಕಾಫಿ ಕೊಯ್ಲು, ಆಗಲೇ ಕೊಟ್ಟಿಗೆಗೆ ತರಗೆಲೆ ಗುಡಿಸಿ ತರುವುದು, ಆಗಲೇ ಸೌದೆಗೆ ಕಾಡಿಗೆ ಹೋಗುವುದು. ಶಾಲೆಯಲ್ಲಿ ವಾರ್ಷಿಕ ಪರೀಕ್ಷೆಯ ತಯಾರಿಯೂ ಆಗಲೇ.

ಕ್ಯಾಸನೂರಿನಲ್ಲಿ ಮಂಗ ಸತ್ತಾಗ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಆಫ್ರಿಕಾ, ದಕ್ಷಿಣ ಅಮೆರಿಕಗಳ ಆ ರೋಗ ಭಾರತಕ್ಕೂ ಕಾಲಿಟ್ಟಿತೇ ಎಂಬ ಭಯ. ಪುಣೆಯಲ್ಲಿ 1952ರಲ್ಲಿ ಶುರುವಾಗಿದ್ದ ವೈರಸ್ ಸಂಶೋಧನಾ ಕೇಂದ್ರದಿಂದ, ಅಂದರೆ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆಯಿಂದ, ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಬಂದು ನೋಡಿದರು. ಹಳದಿ ಜ್ವರ ಆಗಿರಲಿಲ್ಲ. ಇಲ್ಲಿ ಸಿಕ್ಕ ವೈರಸ್ ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿ, ಇದೂ ಹರಡುವುದು ಉಣುಗಿನಿಂದಲೇ. ಡೆಂಗಿ ಕೂಡ ಇದೇ ಮನೆತನದ್ದು, ಸ್ವಲ್ಪ ದೂರದ ನೆಂಟ.

ಈಗ ಕಪ್ಪುಹಲಗೆಯ ಮೇಲೆ ಒಂದು ಅಡ್ಡಗೆರೆ ಎಳೆದು ಸೊನ್ನೆಯಿಂದ ಮೂವತ್ತರವರೆಗೆ ದಿನಗಳನ್ನು ಗುರುತು ಮಾಡಿ. ಬಾನುಲಿಯಲ್ಲಿ ಹಲಗೆ ತೋರಿಸಲಾರೆ, ಮನಸ್ಸಿನಲ್ಲೇ ಎಳೆದುಕೊಳ್ಳಿ.

ಸೊನ್ನೆಯ ದಿನ ಉಣುಗು ಕಚ್ಚುತ್ತದೆ. ಹೆಚ್ಚಾಗಿ ಕಚ್ಚುವುದು ಬಲಿತ ಉಣುಗಲ್ಲ, ಕಣ್ಣಿಗೆ ಸರಿಯಾಗಿ ಕಾಣದ ಎಳೆಯದು. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಗಂಟೆಗಟ್ಟಲೆ ಅಂಟಿಕೊಂಡು ರಕ್ತ ಹೀರಬೇಕಾದ ಜೀವಿ ಅದು, ನೋವಾದರೆ ನಾವು ಕಿತ್ತು ಬಿಸಾಡುತ್ತೇವೆ. ಆದ್ದರಿಂದ ಅದರ ಜೊಲ್ಲಿನಲ್ಲೇ ನೋವು ಮರೆಸುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ, ಕಚ್ಚಿದ ಜಾಗದಲ್ಲಿ ಮೈ ಎಚ್ಚರಗೊಳ್ಳದಂತೆ ನೋಡಿಕೊಳ್ಳುವ ವಸ್ತುಗಳಿವೆ. ವೈರಸ್ ಒಳಗೆ ಬರುವುದು ಆ ಜೊಲ್ಲಿನ ಜೊತೆ. ಚರ್ಮದಲ್ಲಿ ಕಾವಲಿಗೆಂದೇ ಇರುವ ಕೆಲವು ಕೋಶಗಳನ್ನೇ ಅದು ಮೊದಲು ಹಿಡಿಯುತ್ತದೆ. ಆ ಕೋಶಗಳು ಹತ್ತಿರದ ದುಗ್ಧಗ್ರಂಥಿಗೆ ಹೋಗುವಾಗ ವೈರಸ್ಸೂ ಜೊತೆಗೆ ಹೋಗುತ್ತದೆ. ಮೊದಲ ಮೂರು ದಿನ, ಕೆಲವರಲ್ಲಿ ಎಂಟು ದಿನ, ಹೊರಗೆ ಏನೂ ಕಾಣುವುದಿಲ್ಲ. ಆಳು ಕೆಲಸಕ್ಕೆ ಹೋಗುತ್ತಾನೆ, ಮಗು ಶಾಲೆಗೆ ಬರುತ್ತದೆ.

ಒಳಗೆ ಮಾತ್ರ ಕೆಲಸ ನಡೆದಿರುತ್ತದೆ. ವೈರಸ್ ಹೊಕ್ಕ ಜೀವಕೋಶಕ್ಕೆ ತನ್ನದಲ್ಲದ ಆರ್‌ಎನ್‌ಎ ಒಳಗಿದೆ ಎಂದು ತಿಳಿಯುತ್ತದೆ; ಅದನ್ನು ಗುರುತಿಸಲೆಂದೇ ಪ್ರೋಟೀನುಗಳಿವೆ. ತಿಳಿದ ಕೂಡಲೇ ಇಂಟರ್‌ಫೆರಾನ್ ಹೊರಬರುತ್ತದೆ. ಐಸಾಕ್ಸ್ ಮತ್ತು ಲಿಂಡೆನ್‌ಮನ್ ಇದನ್ನು ಕಂಡದ್ದು ಕೋಳಿಮೊಟ್ಟೆಯ ಒಳಪೊರೆಯಲ್ಲಿ. ಶಾಖ ಕೊಟ್ಟು ನಿಷ್ಕ್ರಿಯಗೊಳಿಸಿದ ಫ್ಲೂ ವೈರಸ್ಸನ್ನು ಪೊರೆಗೆ ತಾಗಿಸಿದರು; ಆ ಪೊರೆಯಿಂದ ಬಂದ ದ್ರವವನ್ನು ಬೇರೆ ಪೊರೆಗೆ ಹಾಕಿದರೆ ಅಲ್ಲಿ ಜೀವಂತ ವೈರಸ್ ಕೂಡ ಬೆಳೆಯಲಿಲ್ಲ. ಇಂಟರ್‌ಫೆರಾನ್ ತಾನಾಗಿ ವೈರಸ್ಸನ್ನು ಕೊಲ್ಲುವುದಿಲ್ಲ. ಅದು ತಲುಪಿದ ಕೋಶಗಳು ಪ್ರೋಟೀನ್ ತಯಾರಿಕೆಯನ್ನು ನಿಧಾನಿಸುತ್ತವೆ, ಒಳಬಂದ ಆರ್‌ಎನ್‌ಎಯನ್ನು ತುಂಡರಿಸುವ ಸಿದ್ಧತೆ ಮಾಡಿಕೊಳ್ಳುತ್ತವೆ. ವೈರಸ್ಸಿಗೆ ಬೆಳೆಯಲು ಜಾಗ ಕಡಿಮೆಯಾಗುತ್ತದೆ, ಅಷ್ಟೇ. ದೊರೆಯುವುದು ಸಮಯ.

ಇದರ ಬೆಲೆಯೇ ಜ್ವರ. ಮಂಗನ ಕಾಯಿಲೆಯಲ್ಲಿ ಇದ್ದಕ್ಕಿದ್ದಂತೆ ಜ್ವರ, ತಡೆಯಲಾಗದ ತಲೆನೋವು, ಸೊಂಟ, ಮೀನಖಂಡಗಳಲ್ಲಿ ನೋವು, ಕೆಂಪು ಕಣ್ಣು, ಎದ್ದು ನಿಲ್ಲಲಾರದ ಸುಸ್ತು. ಇದರಲ್ಲಿ ಒಂದು ಪಾಲು ವೈರಸ್ ಮಾಡಿದ ಹಾನಿ, ಇನ್ನೊಂದು ಪಾಲು ನಮ್ಮ ಮೈ ತಾನೇ ಹೊರಡಿಸಿದ ಇಂಟರ್‌ಫೆರಾನ್ ಮತ್ತು ಅದರ ಜೊತೆಗಾರ ವಸ್ತುಗಳ ಪರಿಣಾಮ. ಇದಕ್ಕೆ ಪುರಾವೆ ಬೇಕೆಂದರೆ, ಹಿಂದೆ ಹೆಪಟೈಟಿಸ್ ಸಿ ರೋಗಿಗಳಿಗೆ ಇಂಟರ್‌ಫೆರಾನನ್ನೇ ಚುಚ್ಚುಮದ್ದಾಗಿ ಕೊಡುತ್ತಿದ್ದರು. ಆ ಚುಚ್ಚುಮದ್ದು ಪಡೆದವರಿಗೆ ಫ್ಲೂ ಬಂದವರ ಹಾಗೆ ಜ್ವರ, ಚಳಿ, ಮೈಕೈ ನೋವು. ಇದನ್ನು ಹೇಳುವಾಗ ನನಗೆ ಅಂಗಡಿಗಳಲ್ಲಿ ಸಾಲಾಗಿ ಇಟ್ಟಿರುವ ಇಮ್ಯುನಿಟಿ ಪುಡಿಗಳು ನೆನಪಾಗುತ್ತವೆ. ಕೋವಿಡ್ ಬಂದ ಮೇಲೆ ಇವು ಹಳ್ಳಿ ಸಂತೆಯಲ್ಲೂ ಸಿಗುತ್ತವೆ. ಯಾವುದನ್ನು ಹೆಚ್ಚಿಸುತ್ತೀರಿ ಸ್ವಾಮಿ? ಇಂಟರ್‌ಫೆರಾನ್ ಹೆಚ್ಚಿದರೆ ಮೈಕೈ ನೋವು ಹೆಚ್ಚೀತು. ಅಮೃತಬಳ್ಳಿ ಕಷಾಯ ಕುಡಿಯುವವರು ಕುಡಿಯಲಿ, ಬಿಸಿ ನೀರು ಗಂಟಲಿಗೆ ಹಿತ. ಆದರೆ ಪಾಠ ಕಲಿತ ಮಗು ಆ ಪೊಟ್ಟಣದ ಮೇಲಿನ ಬರಹ ನೋಡಿ ಈ ಪ್ರಶ್ನೆ ಕೇಳುವಂತಾಗಬೇಕು.

ಇಂಟರ್‌ಫೆರಾನ್ ಕೊಟ್ಟ ಸಮಯದಲ್ಲಿ ನಡೆಯುವುದನ್ನು ವಿವರಿಸಿದವರು ಬರ್ನೆಟ್. ಅದುವರೆಗೆ ಹಲವರು ನಂಬಿದ್ದು, ರೋಗಾಣು ಒಳಬಂದ ಮೇಲೆ ಅದರ ಆಕಾರಕ್ಕೆ ತಕ್ಕಂತೆ ಪ್ರತಿಕಾಯ ರೂಪುಗೊಳ್ಳುತ್ತದೆ ಎಂದು. ಬರ್ನೆಟ್ ತಿರುಗಿಸಿ ಹೇಳಿದರು: ಬೇರೆ ಬೇರೆ ಆಕಾರಗಳನ್ನು ಗುರುತಿಸುವ ಲಕ್ಷಾಂತರ ಬಗೆಯ ಕೋಶಗಳು ಮೊದಲೇ ಇವೆ, ರೋಗಾಣು ಬಂದಾಗ ಅದಕ್ಕೆ ಹೊಂದುವ ಕೆಲವೇ ಕೋಶಗಳು ಮಾತ್ರ ಹೆಚ್ಚುತ್ತವೆ. ಕಾಫಿ ಬೆಳೆಗಾರರ ಮಕ್ಕಳಿಗೆ ಇದು ಹೊಸದಲ್ಲ. ಎಲೆತುಕ್ಕು ರೋಗ ಬಂದಾಗ ಗಿಡ ತನ್ನ ಸ್ವಭಾವ ಬದಲಿಸಿಕೊಳ್ಳುವುದಿಲ್ಲ. ಸಾವಿರ ಗಿಡಗಳಲ್ಲಿ ತಾಳಿಕೊಳ್ಳುವ ಗುಣ ಮೊದಲೇ ಇದ್ದ ಒಂದೆರಡು ಹಸಿರಾಗಿ ಉಳಿಯುತ್ತವೆ, ಅವನ್ನು ಆರಿಸಿ ಸಸಿ ಮಾಡುತ್ತಾರೆ. 1925ರಿಂದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಮಾಡುತ್ತ ಬಂದ ಕೆಲಸ ಇದೇ. ನಮ್ಮ ತೋಟಗಳ ಎಸ್.795 ತಳಿ ಅಲ್ಲಿಂದಲೇ ಬಂದದ್ದು. ಪಠ್ಯದಲ್ಲಿ ಕ್ಲೋನಲ್ ಸೆಲೆಕ್ಷನ್ ಎಂದು ಓದಿ ಬೆಚ್ಚಿಬೀಳುವ ಹುಡುಗನ ಅಪ್ಪ ನರ್ಸರಿಯಲ್ಲಿ ಆ ಕೆಲಸವನ್ನು ವರ್ಷವರ್ಷವೂ ಮಾಡುತ್ತಿರುತ್ತಾನೆ.

ದುಗ್ಧಗ್ರಂಥಿಯಲ್ಲಿ ಈ ಆಯ್ಕೆ ನಡೆಯುತ್ತದೆ. ಕತ್ತು, ಕಂಕುಳಲ್ಲಿ ಗಡ್ಡೆ ಎದ್ದಿದೆ ಎನ್ನುತ್ತೇವಲ್ಲ, ಅದು ಇದರ ಗುರುತು. ಇಲ್ಲೊಂದು ಲೆಕ್ಕ ಮಕ್ಕಳಿಂದ ಮಾಡಿಸಿ. ಆಯ್ಕೆಯಾದ ಒಂದು ಕೋಶ ದಿನಕ್ಕೆ ಮೂರು ಬಾರಿ ಇಬ್ಭಾಗವಾಗುತ್ತದೆ ಎಂದುಕೊಳ್ಳಿ. ಐದು ದಿನಕ್ಕೆ ಹದಿನೈದು ಬಾರಿ. ಎರಡರ ಹದಿನೈದನೇ ಘಾತ 32,768. ಮೊದಲ ದಿನದ ಕೊನೆಗೆ ಎಂಟೇ ಕೋಶ, ಎರಡನೇ ದಿನಕ್ಕೆ ಅರವತ್ತನಾಲ್ಕು. ಹೆಚ್ಚಳವೆಲ್ಲ ಕೊನೆಯ ದಿನಗಳಲ್ಲಿ. "ಒಂದು ವಾರ ಯಾಕೆ ಬೇಕು" ಎಂದು ಕೇಳಿದ ಹುಡುಗಿಗೆ ಉತ್ತರ ಅವಳ ನೋಟ್‌ಬುಕ್ಕಿನಲ್ಲೇ ಸಿಕ್ಕಿತು. ಗಣಿತದ ಮೇಷ್ಟರಿಗೂ ಸಂತೋಷ.

ಹೀಗೆ ಹೆಚ್ಚಿದ ಕೋಶಗಳಲ್ಲಿ ಎರಡು ಬಗೆ. ಬಿ ಕೋಶಗಳು ಪ್ರತಿಕಾಯ ತಯಾರಿಸಿ ರಕ್ತಕ್ಕೆ ಬಿಡುತ್ತವೆ. ಅವು ಹೊರಗೆ ತೇಲುತ್ತಿರುವ ವೈರಸ್ಸಿಗೆ ಅಂಟಿಕೊಂಡು ಅದು ಹೊಸ ಕೋಶ ಹೊಗದಂತೆ ತಡೆಯುತ್ತವೆ. ಆದರೆ ಈಗಾಗಲೇ ಕೋಶದೊಳಗೆ ಸೇರಿಕೊಂಡ ವೈರಸ್ಸನ್ನು ಪ್ರತಿಕಾಯ ಮುಟ್ಟಲಾರದು. ಅಲ್ಲಿಗೆ ಟಿ ಕೋಶ ಬೇಕು. ನಮ್ಮ ಮೈಯ ಬಹುತೇಕ ಜೀವಕೋಶಗಳು ತಮ್ಮೊಳಗಿನ ಪ್ರೋಟೀನುಗಳ ತುಣುಕುಗಳನ್ನು ಮೇಲ್ಮೈಯಲ್ಲಿ ತೋರಿಸುತ್ತಿರುತ್ತವೆ. ವೈರಸ್ಸಿನ ತುಣುಕು ಕಂಡ ಕೋಶವನ್ನು ಟಿ ಕೋಶ ಕೊಲ್ಲುತ್ತದೆ. ಅಂದರೆ ನಮ್ಮದೇ ಕೋಶವನ್ನು. 1970ರ ದಶಕದಲ್ಲಿ ಇದನ್ನು ಬಿಡಿಸಿಟ್ಟ ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗೆಲ್ ಅವರಿಗೆ 1996ರಲ್ಲಿ ನೊಬೆಲ್ ಬಂತು. ರೋಗ ವಾಸಿಯಾಗುವುದಕ್ಕೆ ಮೈ ತನ್ನದೇ ಒಂದಷ್ಟು ಭಾಗವನ್ನು ಕಳೆದುಕೊಳ್ಳುತ್ತದೆ ಎನ್ನುವುದನ್ನು ಮಕ್ಕಳಿಗೆ ಮುಚ್ಚಿಡಬೇಕಿಲ್ಲ.

ಈಗ ಹಲಗೆಯ ಮೇಲೆ ಎರಡು ಗೆರೆ ಬರೆಯಬಹುದು. ಒಂದು ವೈರಸ್ಸಿನದು, ಜ್ವರದ ಮೊದಲ ದಿನಗಳಲ್ಲಿ ಏರಿ ಆಮೇಲೆ ಇಳಿಯುವುದು. ಇನ್ನೊಂದು ಪ್ರತಿಕಾಯದ್ದು, ಜ್ವರದ ನಾಲ್ಕೈದನೇ ದಿನದಿಂದ ಮೇಲೇಳುವುದು. ಆಸ್ಪತ್ರೆಯಲ್ಲಿ ರಕ್ತ ತೆಗೆದು ಶಿವಮೊಗ್ಗದ ವೈರಾಣು ಪ್ರಯೋಗಾಲಯಕ್ಕೋ ಬೇರೆಡೆಗೋ ಕಳಿಸುವಾಗ ಯಾವ ಪರೀಕ್ಷೆ ಮಾಡಬೇಕು ಎಂಬುದನ್ನು ಈ ಎರಡು ಗೆರೆಗಳೇ ತೀರ್ಮಾನಿಸುತ್ತವೆ. ಮೊದಲ ದಿನಗಳಲ್ಲಾದರೆ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್. ತಡವಾಗಿ ಬಂದರೆ ಐಜಿಎಂ ಪ್ರತಿಕಾಯ ಹುಡುಕುವ ಎಲೈಸಾ. ಎರಡನೇ ದಿನವೇ ಎಲೈಸಾ ಮಾಡಿ ಏನೂ ಇಲ್ಲ ಎಂದು ಬಂದರೆ ಅದಕ್ಕೆ ಅರ್ಥವಿಲ್ಲ. ಜ್ವರ ಯಾವತ್ತು ಶುರುವಾಯಿತು ಎಂಬ ಡಾಕ್ಟರರ ಪ್ರಶ್ನೆಗೆ "ಮೂರ್ನಾಲ್ಕು ದಿನ ಆಗಿರಬಹುದು" ಎಂದರೆ ಸಾಲದು ಎನ್ನುವುದು ಇದಕ್ಕೇ.

ಬಹುಮಂದಿ ಒಂದೆರಡು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿಗೆ ಜ್ವರ ಬಿಟ್ಟು ಒಂದೆರಡು ವಾರ ಹಾಯಾಗಿದ್ದ ಮೇಲೆ ಮತ್ತೆ ಬರುತ್ತದೆ, ಈ ಸಲ ಮೆದುಳಿಗೆ ಸಂಬಂಧಿಸಿದ ಲಕ್ಷಣಗಳೊಂದಿಗೆ: ವಿಪರೀತ ತಲೆನೋವು, ಕತ್ತು ಬಿಗಿತ, ಕೈಕಾಲು ನಡುಕ, ಮಂಕು. ಕಾಯಿಲೆ ಬಂದ ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಆದ್ದರಿಂದ ಜ್ವರ ಬಿಟ್ಟಿತೆಂದು ತೋಟದ ಕೆಲಸಕ್ಕೆ ಓಡಬಾರದು, ಮೂರನೇ ವಾರದವರೆಗೆ ಕಣ್ಣಿಡಬೇಕು.

"ನಮ್ಮಜ್ಜಿಗೆ ಆಗಿತ್ತಂತೆ, ಮತ್ತೆ ಬರುತ್ತಾ?" ಎಂದು ಮಗು ಕೇಳೀತು. ಸಾಮಾನ್ಯವಾಗಿ ಬರುವುದಿಲ್ಲ. ಹೆಚ್ಚಿದ ಕೋಶಗಳಲ್ಲಿ ಬಹುಪಾಲು ಸತ್ತರೂ ಒಂದಿಷ್ಟು ವರ್ಷಗಟ್ಟಲೆ ಉಳಿಯುತ್ತವೆ. ಮುಂದಿನ ಸಲ ಅದೇ ವೈರಸ್ ಬಂದರೆ ಲೆಕ್ಕ ಒಂದರಿಂದ ಶುರುವಾಗುವುದಿಲ್ಲ, ಸಾವಿರದಿಂದ ಶುರುವಾಗುತ್ತದೆ. ಜ್ವರ ಏರುವ ಮೊದಲೇ ಮುಗಿಯುತ್ತದೆ. ಕಾಯಿಲೆ ಬೀಳದೆ ಆ ಸಾವಿರವನ್ನು ಸಂಪಾದಿಸುವುದೇ ಲಸಿಕೆ.

ಲಸಿಕೆಯ ವಿಷಯದಲ್ಲಿ ಮಂಗನ ಕಾಯಿಲೆ ನಮಗೆ ಒಂದು ಇಡೀ ಅಧ್ಯಾಯವನ್ನೇ ಕೊಟ್ಟಿದೆ. ಮೊದಲಿಗೆ, ಸಂಬಂಧಿಯಾದ ರಷ್ಯಾದ ವೈರಸ್ಸಿನ ಲಸಿಕೆಯನ್ನೇ ಇಲ್ಲಿ ಪ್ರಯತ್ನಿಸಿದರು, ರಕ್ಷಣೆ ಸಿಗಲಿಲ್ಲ. ನೆಂಟನನ್ನು ಗುರುತಿಸಬಲ್ಲ ಪ್ರತಿಕಾಯ ಇವನನ್ನು ತಡೆಯಲು ಸಾಕಾಗಲಿಲ್ಲ. ಆಮೇಲೆ ಕ್ಯಾಸನೂರು ವೈರಸ್ಸನ್ನೇ ಕೋಳಿಭ್ರೂಣದ ಕೋಶಗಳಲ್ಲಿ ಬೆಳೆಸಿ ಫಾರ್ಮಾಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಬಂತು. 1990ರಿಂದ ಮಲೆನಾಡಿನಲ್ಲಿ ಕೊಡುತ್ತಿದ್ದುದು ಅದನ್ನೇ. ತಯಾರಾಗುತ್ತಿದ್ದುದು ಬೆಂಗಳೂರಿನ ಹೆಬ್ಬಾಳದಲ್ಲಿ, ಜಾನುವಾರು ಲಸಿಕೆ ಮಾಡುವ ಸರ್ಕಾರಿ ಸಂಸ್ಥೆಯಲ್ಲಿ. ಸತ್ತ ವೈರಸ್ ಕೋಶದೊಳಗೆ ಹೋಗಿ ಬೆಳೆಯಲಾರದು; ಆದ್ದರಿಂದ ಟಿ ಕೋಶಗಳಿಗೆ ಅಷ್ಟು ಕೆಲಸ ಸಿಗದು, ನೆನಪೂ ಬೇಗ ಮಾಸುತ್ತದೆ. ತಿಂಗಳ ಅಂತರದಲ್ಲಿ ಎರಡು ಡೋಸು, ಆರರಿಂದ ಒಂಬತ್ತು ತಿಂಗಳಿಗೆ ಮತ್ತೊಂದು, ಆಮೇಲೆ ವರ್ಷಕ್ಕೊಮ್ಮೆ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಡೋಸಿನ ರಕ್ಷಣೆ ಶೇಕಡಾ 62ರಷ್ಟು, ಬೂಸ್ಟರ್ ಸೇರಿದರೆ ಶೇಕಡಾ 83ರಷ್ಟು. ಒಂದೇ ಡೋಸು ಪಡೆದವರಿಗೆ ಪ್ರಯೋಜನ ಕಾಣಲಿಲ್ಲ. ಆ ಚುಚ್ಚುಮದ್ದು ವಿಪರೀತ ನೋಯುತ್ತಿತ್ತು, ಒಂದು ಸಲ ಹಾಕಿಸಿಕೊಂಡ ಹಲವರು ಮತ್ತೆ ಬರುತ್ತಿರಲಿಲ್ಲ. ಜನರನ್ನು ಬೈದು ಪ್ರಯೋಜನವಿಲ್ಲ. ಎರಡನೇ ಡೋಸು ಯಾಕೆ ಬೇಕೆಂದು 32,768ರ ಲೆಕ್ಕ ಹಾಕಿ ಅವರಿಗೆ ಹೇಳಿದವರು ಯಾರು? ಕೊನೆಗೆ ಲಸಿಕೆಯ ಶಕ್ತಿಯೇ ಸಾಲದೆಂದು 2022ರಲ್ಲಿ ಕೊಡುವುದನ್ನು ನಿಲ್ಲಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಜೊತೆ ಸೇರಿ ಹೊಸ ಲಸಿಕೆಯ ಕೆಲಸ ಕೈಗೆತ್ತಿಕೊಂಡಿದೆ. ಅದು ಬರುವವರೆಗೆ ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಉಣುಗನ್ನು ದೂರವಿಡುವ ಡೆಪಾ ಎಣ್ಣೆ, ಮೈತುಂಬ ಬಟ್ಟೆ, ಬಂದ ಮೇಲೆ ಬಿಸಿನೀರ ಸ್ನಾನ, ಬಟ್ಟೆಯನ್ನೂ ಬಿಸಿನೀರಲ್ಲಿ ಒಗೆಯುವುದು.

ಡೆಂಗಿಯ ಮಾತನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. 2024ರ ಮಳೆಗಾಲದಲ್ಲಿ ರಾಜ್ಯದಲ್ಲಿ ಡೆಂಗಿ ಹೆಚ್ಚು ಕಂಡ ಜಿಲ್ಲೆಗಳಲ್ಲಿ ನಮ್ಮ ಚಿಕ್ಕಮಗಳೂರೂ ಇತ್ತು. ಡೆಂಗಿಯಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದ ಮೇಲೆ ಉಳಿದ ಪ್ರತಿಕಾಯ ಇನ್ನೊಂದು ಬಗೆಗೆ ಅರೆಬರೆ ಅಂಟುತ್ತದೆ. ತಡೆಯುವ ಬದಲು ಕೆಲವೊಮ್ಮೆ ವೈರಸ್ಸನ್ನು ಬಿಳಿಕಣಗಳೊಳಗೆ ತಾನೇ ಸೇರಿಸಿಬಿಡುತ್ತದೆ. ಎರಡನೇ ಡೆಂಗಿ ಮೊದಲನೆಯದಕ್ಕಿಂತ ಅಪಾಯಕಾರಿ ಆಗುವುದಕ್ಕೆ ಇದು ಒಂದು ಕಾರಣ. ಕೋಟೆ-ಸೈನಿಕರ ಕತೆ ಹೇಳಿದ ಮೇಷ್ಟರು ಇದನ್ನು ಹೇಗೆ ವಿವರಿಸುತ್ತಾರೋ ನೋಡಬೇಕು.

ಮೂಡಿಗೆರೆಯಲ್ಲೇ ಕೂತು ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿ, ಮೀನು, ಹುಳುಗಳ ವಿಜ್ಞಾನವನ್ನು ನಮ್ಮ ಕನ್ನಡದಲ್ಲಿ ಎಷ್ಟು ಸಲೀಸಾಗಿ ಬರೆದರು ಎಂದು ನಾವು ಹೆಮ್ಮೆಪಡುತ್ತೇವೆ. ಆ ಸಲೀಸು ತರಗತಿಗೆ ಇನ್ನೂ ಬಂದಿಲ್ಲ. ಮೇಷ್ಟರುಗಳಲ್ಲಿ ನನ್ನ ಕೋರಿಕೆ ಇಷ್ಟು: ಈ ಅಧ್ಯಾಯವನ್ನು ಮಳೆಗಾಲದಲ್ಲಿ ಡೆಂಗಿಯಿಂದಲೋ ಡಿಸೆಂಬರಿನಲ್ಲಿ ಉಣುಗಿನಿಂದಲೋ ಶುರುಮಾಡಿ, ಮೊದಲು ಕನ್ನಡದಲ್ಲಿ ಮುಗಿಸಿ, ಇಂಗ್ಲಿಷ್ ಪದಗಳನ್ನು ಆಮೇಲೆ ಬರೆಸಿ. ತೋಟದ ಲೈನ್ ಮನೆಗಳಲ್ಲಿ ಇರುವ, ಅಸ್ಸಾಮಿನಿಂದಲೋ ಜಾರ್ಖಂಡಿನಿಂದಲೋ ಬಂದ ಕೆಲಸದವರ ಮಕ್ಕಳೂ ನಮ್ಮ ಬೆಂಚಿನಲ್ಲಿ ಇದ್ದಾರೆ. ಉಣುಗಿನ ವಿಷಯ ಅವರ ಮನೆಗೆ ತಲುಪುವುದು ಆ ಮಕ್ಕಳ ಬಾಯಿಂದಲೇ.

ತಂದೆತಾಯಿಗಳಲ್ಲೂ ಒಂದು ಕೋರಿಕೆ. ಮನೆಯಲ್ಲಿ ಯಾರಿಗೇ ಜ್ವರ ಬಂದರೂ ಶುರುವಾದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕಾಡಿಗೆ ಹೋಗಿದ್ದರೆ, ಸತ್ತ ಮಂಗ ಕಂಡಿದ್ದರೆ ಅದನ್ನೂ ಬರೆಯಿರಿ. ಸತ್ತ ಮಂಗವನ್ನು ಮುಟ್ಟದೆ ಹತ್ತಿರದ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಿ. ಮಂಗನ ಕಾಯಿಲೆಯಲ್ಲೂ ಡೆಂಗಿಯಲ್ಲೂ ರಕ್ತಸ್ರಾವದ ಭಯ ಇರುವುದರಿಂದ ಆಸ್ಪಿರಿನ್‌ನಂಥ ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಬೇಡಿ. ಆಸ್ಪತ್ರೆಗೆ ಹೋದಾಗ ಡಾಕ್ಟರರಿಗೆ ಎಲ್ಲಕ್ಕಿಂತ ಮೊದಲು ಆ ತಾರೀಖನ್ನು ಹೇಳಿ.